ಒಂದು, ಮೂರು, ನಾಲ್ಕು, ಎರಡು

ಬಂದರಿನ ಕಲ್ಲಿದ್ದಲ ಧೂಳು
ಹೇಳದೆ ಕೇಳದೆ ಮನೆಯೊಳಗೆ ಬರುವ ಊರು, ವಾಸ್ಕೋ.
ಅದಕ್ಕೇ ಬಿಚ್ಚಿದ ಎಂಜಿನ್ನಿನ ಸುತ್ತ
ಮದುವೆಯಲ್ಲಿ ಬಂದ ಸೊಳ್ಳೆಪರದೆ ಕಟ್ಟಿದ್ದೇನೆ.
ಪರದೆಯೊಳಗೆ ನಾನು, ಮೊಣಕೈವರೆಗೆ ಗ್ರೀಸು.
ಹೊರಗೆ ಅತ್ತೆ:
"ಬಾಣಂತಿ ಕುಂತಂಗ ಕುಂತೀಯಲ್ಲ."

ಮೇ ರಜೆ. ಶಾಲೆಗೆ ಬೀಗ.
ಏಳನೆಯ ತರಗತಿಗೆ ದಶಮಾಂಶ ಕಲಿಸುವವಳಿಗೆ
ಈಗ ಕೈಯಲ್ಲಿ ಹಿಡಿಯಬಹುದಾದ ದಶಮಾಂಶ ಸಿಕ್ಕಿದೆ.
ಸಿಲಿಂಡರಿನ ಬಾಯಿಯ ಹತ್ತಿರ
ಪಿಸ್ಟನ್ನು ವರ್ಷಗಟ್ಟಲೆ ಉಜ್ಜಿ ಉಜ್ಜಿ
ಗೋಡೆಗೆ ಒಂದು ಮೆಟ್ಟಿಲು ಬಿದ್ದಿದೆ.
ಕಣ್ಣಿಗೆ ಕಾಣದು.
ಉಗುರು ಎಳೆದರೆ ತಡೆಯುತ್ತದೆ.

ಕಾರು ಆಗ್ನೆಲ್ ಬಾಬ್ ಅವರದು.
ಪದ್ಮಿನಿ, ಎಂಬತ್ತಾರರದು, ಕೆನೆಬಣ್ಣ.
"ನೀಲಿ ಹೊಗೆ ಬಿಡುತ್ತೆ ಟೀಚರ್, ತೊಗೊಂಡು ಏನು ಮಾಡ್ತೀರಿ?"
ಎನ್ನುತ್ತಲೇ ಹನ್ನೊಂದು ಸಾವಿರಕ್ಕೆ ಕೊಟ್ಟರು, ಜೊತೆಗೆ
ಹಲ್ಲು ಮುರಿದ ಜ್ಯಾಕು,
ಡ್ಯಾಶ್‌ಬೋರ್ಡಿಗೆ ಅಂಟಿದ ಸಂತ ಅಂತೋನಿ.
ಕಳೆದದ್ದನ್ನು ಹುಡುಕಿಕೊಡುವ ಸಂತನಂತೆ ಅವನು.
ಕೀಳಲಿಲ್ಲ ನಾನು.
ಹತ್ತು ನಂಬರಿನ ಪಾನಾ ದಿನಕ್ಕೆ ಮೂರು ಸಲ ಕಳೆಯುತ್ತದೆ.

ಆ ದಿನ ಸಂಪು ಬಿಚ್ಚಿ, ಬ್ಲಾಕನ್ನು ಬೋರಲು ಹಾಕಿ,
ಹಳೆಯ ಟೂತ್‌ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ತಿಕ್ಕುವಾಗ
ಕನೆಕ್ಟಿಂಗ್ ರಾಡಿನ ಕ್ಯಾಪಿನ ಮೇಲೆ ಏನೋ ಗೀರು.
ಪೆಟ್ಟು ಬಿದ್ದಿರಬೇಕು ಅಂದುಕೊಂಡೆ.
ಒರೆಸಿದೆ.
೧.
ಪಕ್ಕದ್ದು ೨.
ಆಚೆ ೩, ೪.
ರಾಡಿನ ಮೇಲೂ ಅದೇ, ಕ್ಯಾಪಿನ ಮೇಲೂ ಅದೇ.

ನಾನು ಬೋರ್ಡಿನ ಮೇಲೆ ಈ ಅಂಕಿ ಬರೆದರೆ
"ಅಕ್ಕೋರ, ಇದು ತೆಲುಗೇನ್ರಿ?" ಎಂದು ಕೇಳುತ್ತವೆ ಹುಡುಗರು.
ಇಲ್ಲಿ ಎಣ್ಣೆಯ ಕೆಳಗೆ, ಕತ್ತಲಲ್ಲಿ,
ಯಾರೋ ಚೂಪು ಉಳಿಯಿಂದ ಕೆತ್ತಿ ಮುಚ್ಚಿಟ್ಟಿದ್ದಾನೆ.
ಉಕ್ಕಿನ ಮೇಲೆ ೧ ದುಂಡಗೆ ತಿರುಗುವುದಿಲ್ಲ,
ಮೂರು ಏಟಿಗೆ ತಿರುಗಿಸಿದ್ದಾನೆ.
ಎರಡರ ಬಾಲ ಮಾತ್ರ ಜಾರಿ
ಮೂರರ ಹಾಗೇ ಕಾಣುತ್ತದೆ.
ಅದಲುಬದಲಾಗಿದ್ದರೆ ಕ್ರ್ಯಾಂಕು ಬಿಗಿದು ಕೂರುತ್ತಿತ್ತು.
ಪರೀಕ್ಷೆಯಾಗಿದ್ದರೆ ಅರ್ಧ ಅಂಕ ಕಳೆಯುತ್ತಿದ್ದೆ.

ಆಗ್ನೆಲ್ ಬಾಬ್ ಬಹಳ ಹೊತ್ತು ತಲೆ ಕೆರೆದುಕೊಂಡರು.
"ಒಬ್ಬ ಹುಡುಗ ಇದ್ದ, ಬೈನಾ ಕಡೆ ಶೆಡ್ಡು.
ಹೆಸರು ಸಂಗ... ಸಂಗ ಏನೋ.
ಚಹಾಕ್ಕೆ ಬೆಲ್ಲ ಕೇಳೋನು.
ಶೆಡ್ಡುಗಳನ್ನ ಕೆಡವಿದರಲ್ಲ,
ಆಮೇಲೆ ಕಾಣಲಿಲ್ಲ."

ಮಡಗಾಂವಿನ ಪುಂಡಲೀಕ ಬ್ಲಾಕು ಕೊರೆದುಕೊಟ್ಟ.
ಹೊಸ ಪಿಸ್ಟನ್ನಿಗೆ ಪಿನ್ನು ಹೋಗಲೊಲ್ಲದು.
ಇಡ್ಲಿ ಪಾತ್ರೆಯಲ್ಲಿ ನಾಲ್ಕನ್ನೂ ಕುದಿಸಿದೆ.
ಬಿಸಿಗೆ ಹಿಗ್ಗಿ, ಹೆಬ್ಬೆರಳಿಂದ ಒತ್ತಿದರೆ ಸರಕ್ಕನೆ ಒಳಗೆ.
ಅತ್ತೆ ಮುಚ್ಚಳ ತೆಗೆದು ನೋಡಿ,
"ಉಪ್ಪು ಹಾಕೀಯೇನು?"

ಅವನ ಎರಡನ್ನು ತಿದ್ದಲಿಲ್ಲ.
ಪಕ್ಕದಲ್ಲಿ ಎರಡು ಚುಕ್ಕೆ ಹೊಡೆದೆ, ಅಷ್ಟೆ.
ಎಣ್ಣೆ ಸವರಿ, ಬೋಲ್ಟು ಬಿಗಿದು, ಮತ್ತೆ ಕತ್ತಲಿಗೆ ಕಳಿಸಿದೆ.

ಶಾಲೆ ತೆರೆಯಲು ನಾಲ್ಕು ದಿನ ಇರುವಾಗ
ಕೀ ತಿರುಗಿಸಿದೆ. ಕೆಮ್ಮಿತು.
ಮತ್ತೆ ತಿರುಗಿಸಿದೆ. ಕಾರ್ಬ್ಯುರೇಟರಿನಿಂದ ಢಮ್ಮೆಂದು ಸೀನಿತು.
ಬೀದಿಯ ನಾಯಿಗಳೆಲ್ಲ ಎದ್ದವು.
ಗಂಟೆಗಟ್ಟಲೆ ಹುಡುಕಿದೆ, ಅಂತೋನಿಯನ್ನೂ ಬೈದೆ.
ಕೊನೆಗೆ ಪ್ಲಗ್ಗಿನ ತಂತಿ ನೋಡಿ ನಾಚಿಕೆಯಾಯಿತು:
ಲೆಕ್ಕದ ಟೀಚರು, ಸಾಲಾಗಿ ಹಾಕಿದ್ದೆ,
ಒಂದು, ಎರಡು, ಮೂರು, ನಾಲ್ಕು.
ಎಂಜಿನ್ನು ಹಾಗೆ ಎಣಿಸುವುದಿಲ್ಲ.

ಒಂದು, ಮೂರು, ನಾಲ್ಕು, ಎರಡು.
ಒಂದು, ಮೂರು, ನಾಲ್ಕು, ಎರಡು.
ತಪ್ಪದೆ ಮಗ್ಗಿ ಒಪ್ಪಿಸುವ ಹಿಂದಿನ ಬೆಂಚಿನ ಹುಡುಗ.
ಇನ್ನೂ ತುಸು ಹೊಗೆ ಇದೆ. ರಿಂಗು ಕೂರಬೇಕು.

ಪರದೆ ಬಿಚ್ಚಲು ಬಂದ ಅತ್ತೆ
ಅದರ ಒಂದು ತುದಿ ಹಿಡಿದೇ ನಿಂತಿದ್ದರು,
ಬಾನೆಟ್ಟು ನಡುಗುವುದನ್ನು ನೋಡುತ್ತ.
ಆಮೇಲೆ ಸೆರಗು ಸರಿಮಾಡಿಕೊಂಡು ಕೇಳಿದರು,
"ಈಗ ಎಲ್ಲಿಗಿ ಹೋಗೂದು?"